ಗೋವಾದ ಕಲ್ಲುಗೋಡೆ ಮನೆಯಲ್ಲಿ ಗೇಮ್‌ಗೆ ಸಿಮ್ ರೂಟರ್ ಆರಿಸಿದ್ದು

ಸಿಮ್ ಹಾಕುವ ರೂಟರ್‌ನಲ್ಲಿ ಆನ್‌ಲೈನ್ ಗೇಮ್ ಆಡಬೇಕು ಅಂದರೆ ದುಡ್ಡನ್ನು ವೈಫೈಗೆ ಸುರಿಯಬೇಡಿ, ಮೋಡೆಮ್‌ಗೆ, ಅಂದರೆ ಟವರಿನ ಜೊತೆ ಮಾತಾಡುವ ಭಾಗಕ್ಕೆ ಹಾಕಿ. ಡಬ್ಬಿ ಮೇಲೆ 'ಗೇಮಿಂಗ್' ಅಂತ ಬರೆದು, ಕೆಂಪು ದೀಪ ಹಾಕಿ, ಆರು ಆಂಟೆನಾ ನಿಲ್ಲಿಸಿರುತ್ತಾರಲ್ಲ, ಆ ಆಂಟೆನಾಗಳೆಲ್ಲ ರೂಟರ್‌ನಿಂದ ನಿಮ್ಮ ಕಂಪ್ಯೂಟರ್‌ವರೆಗಿನ ಹತ್ತಡಿಗೆ ಮಾತ್ರ. ಲ್ಯಾಗ್, ಅಂದರೆ ಆಟ ತಡವರಿಸುವುದು, ಹುಟ್ಟುವುದು ಅಲ್ಲಲ್ಲ. ರೂಟರ್‌ನಿಂದ ಟವರ್‌ವರೆಗಿನ ದಾರಿಯಲ್ಲಿ.

ನಾನಿರುವುದು ವಾಸ್ಕೋ ಮತ್ತು ವೆರ್ಣಾ ನಡುವೆ, ಹಳೇ ಚಿರೇಕಲ್ಲಿನ ಮನೆಯ ಕೆಳಮಹಡಿಯಲ್ಲಿ. ಕೆಲಸ ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ. ಫೈಬರ್ ಲೈನ್ ದೊಡ್ಡ ರಸ್ತೆವರೆಗೆ ಬಂದಿದೆ, ನಮ್ಮ ಓಣಿಗೆ ತಿರುಗಿಲ್ಲ. ನಾನೊಬ್ಬನೇ ಇದ್ದಾಗ ಫೋನಿನ ಹಾಟ್‌ಸ್ಪಾಟ್ ಸಾಕಾಗುತ್ತಿತ್ತು. ಹುಬ್ಬಳ್ಳಿಯಿಂದ ಅಣ್ಣನ ಮಗ ಓದಲು ಬಂದು ನಮ್ಮಲ್ಲೇ ಉಳಿದ. ರಾತ್ರಿ ಊಟ ಆದ ಮೇಲೆ ಊರಿನ ಗೆಳೆಯರ ಜೊತೆ ವ್ಯಾಲೊರಂಟ್ ಆಡುತ್ತಾನೆ. ಅವನ ದೂರು ದಿನವೂ ಒಂದೇ: "ಕಾಕಾ, ಕಡ್ಡಿ ಫುಲ್ ಅದಾವು, ಆದ್ರೂ ಲ್ಯಾಗ್ ಹೊಡಿಯಾಕತ್ತೈತಿ."

ವಾಸ್ಕೋದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಗದಗ ಕಡೆಯವರೊಬ್ಬರಿದ್ದಾರೆ. ಅವರ ಹತ್ತಿರ ಹೋದರೆ, "ಸರ್, ಇದು ಪಕ್ಕಾ ಗೇಮಿಂಗ್ ರೂಟರ್ ರೀ" ಅಂತ ಒಂದನ್ನು ಮುಂದಿಟ್ಟರು. ತಿರುಗಿಸಿ ನೋಡಿದೆ. ಸಿಮ್ ಹಾಕುವ ಜಾಗವೇ ಇರಲಿಲ್ಲ. ಅದು ಫೈಬರ್ ಇದ್ದವರಿಗೆ. ತಮಾಷೆ ಅನಿಸಬಹುದು, ಆದರೆ ಆನ್‌ಲೈನ್‌ನಲ್ಲಿ ಕೊಳ್ಳುವಾಗ ಇದು ಸುಲಭವಾಗಿ ಕಣ್ಣು ತಪ್ಪುತ್ತದೆ.

ಏನನ್ನೂ ಕೊಳ್ಳುವ ಮೊದಲು ಮನೆಯೊಳಗೆ ಸಿಗ್ನಲ್ ಅಳೆದೆ. ಇದಕ್ಕೆ ಫೋನ್ ಸಾಕು. ಸೆಲ್ ಮಾಹಿತಿ ತೋರಿಸುವ ಉಚಿತ ಆಪ್‌ಗಳಿವೆ. ಪರದೆಯ ಮೇಲಿನ ಸಿಗ್ನಲ್ ಕಡ್ಡಿಗಳನ್ನು ಮರೆತುಬಿಡಿ, ಎರಡು ಅಂಕಿ ನೋಡಿ. ಒಂದು ಆರ್‌ಎಸ್‌ಆರ್‌ಪಿ, ಅಂದರೆ ಟವರಿನ ಸಿಗ್ನಲ್ ಎಷ್ಟು ಜೋರಾಗಿ ತಲುಪುತ್ತಿದೆ ಅಂತ. ಅದು ಮೈನಸ್‌ನಲ್ಲಿರುತ್ತದೆ. ಮೈನಸ್ 90 ಡಿಬಿಎಂ ಆಸುಪಾಸು ಇದ್ದರೆ ಚೆನ್ನ, ಮೈನಸ್ 110 ದಾಟಿದರೆ ಕಷ್ಟ. ಇನ್ನೊಂದು ಎಸ್‌ಐಎನ್‌ಆರ್. ಗದ್ದಲದ ನಡುವೆ ಸಿಗ್ನಲ್ ಎಷ್ಟು ಸ್ವಚ್ಛವಾಗಿದೆ ಅನ್ನುವುದನ್ನು ಅದು ಹೇಳುತ್ತದೆ. 20 ಇದ್ದರೆ ಅದೃಷ್ಟ, 10ರ ಮೇಲಿದ್ದರೆ ಆಡಬಹುದು, ಸೊನ್ನೆ ಹತ್ತಿರ ಬಂದರೆ ಎಷ್ಟು ಕಡ್ಡಿ ಇದ್ದರೂ ಸುಮ್ನೆ. ಗೇಮ್‌ಗೆ ಈ ಎರಡನೆಯದೇ ಮುಖ್ಯ ಅಂತ ನನಗೆ ಅನಿಸಿದೆ. ಸಿಗ್ನಲ್ ಸ್ವಚ್ಛ ಇಲ್ಲದಿದ್ದರೆ ಟವರ್ ಮತ್ತು ಮೋಡೆಮ್ ಕೆಟ್ಟುಹೋದ ಪ್ಯಾಕೆಟ್ಟನ್ನು (ಡೇಟಾದ ತುಣುಕನ್ನು) ಮತ್ತೆ ಮತ್ತೆ ಕಳಿಸಿಕೊಳ್ಳುತ್ತವೆ. ಪ್ಯಾಕೆಟ್ ಕಳೆದುಹೋಗುವುದಕ್ಕಿಂತ ಹೆಚ್ಚಾಗಿ ತಡವಾಗಿ ಬರುತ್ತದೆ. ಗೇಮ್‌ನಲ್ಲಿ ಅದು ಪಿಂಗ್ ಜಿಗಿತವಾಗಿ ಕಾಣುತ್ತದೆ. ಪಿಂಗ್ ಅಂದರೆ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಸಮಯ, ಮಿಲಿಸೆಕೆಂಡ್‌ಗಳಲ್ಲಿ.

ನಮ್ಮ ಹಾಲ್‌ನಲ್ಲಿ, ಟಿವಿ ಪಕ್ಕ, ಮೈನಸ್ 112 ಮತ್ತು 2. ಅಡುಗೆಮನೆ ಅದಕ್ಕಿಂತ ಕಡೆ. ಮೆಟ್ಟಿಲ ಹತ್ತಿರದ ಪೂರ್ವದ ಕಿಟಕಿಯಲ್ಲಿ ಮೈನಸ್ 96 ಮತ್ತು 14. ಅದೇ ಮನೆ, ಅದೇ ಸಿಮ್, ನಡುವೆ ಎರಡು ಗೋಡೆ ಅಷ್ಟೇ. ಚಿರೇಕಲ್ಲಿನ ಗೋಡೆ ಒಂದಡಿಗೂ ಜಾಸ್ತಿ ದಪ್ಪ. ಮಳೆಗಾಲದಲ್ಲಿ ನೀರು ಕುಡಿದುಕೊಂಡು ನಿಂತಿರುತ್ತದೆ. ನೀರಿಗೆ ರೇಡಿಯೋ ಅಲೆ ಹೀರುವ ಗುಣ ಇದೆ. ಹಾಲ್‌ನಲ್ಲಿ ರೂಟರ್ ಇಟ್ಟು ಎಷ್ಟು ದುಬಾರಿಯದು ತಂದರೂ ಈ ಗೋಡೆಯ ಮುಂದೆ ಅದರ ಆಟ ನಡೆಯುವುದಿಲ್ಲ.

ಕಿಟಕಿ ಗೊತ್ತಾಯಿತು. ಆಮೇಲೆ ಸಿಮ್. ಅಕ್ಕಪಕ್ಕದವರ ಹತ್ತಿರ ಬೇರೆ ಬೇರೆ ಕಂಪನಿಯ ಸಿಮ್ ಇಸಕೊಂಡು, ಅದೇ ಕಿಟಕಿಯಲ್ಲಿ, ರಾತ್ರಿ 9ರಿಂದ 11ರ ನಡುವೆ ನೋಡಿದೆ. ಹಗಲಿನ ಅಳತೆಗೆ ಬೆಲೆ ಇಲ್ಲ. ಊರೆಲ್ಲ ಫೋನ್ ಹಿಡಿದು ಕೂರುವ ಹೊತ್ತಿಗೆ ಟವರ್ ಹೇಗಿರುತ್ತೆ ಅನ್ನುವುದೇ ನಮಗೆ ಬೇಕು. ಸ್ಪೀಡ್ ಟೆಸ್ಟ್‌ಗಿಂತ ಪಿಂಗ್ ನೋಡಿ, ಅದೂ ಐದು ನಿಮಿಷ ಬಿಡದೆ. ಸರಾಸರಿ 50 ಇದ್ದು ಆಗಾಗ 200ಕ್ಕೆ ಹಾರುವ ಸಿಮ್‌ಗಿಂತ 65ರಲ್ಲಿ ಅಲ್ಲಾಡದೆ ನಿಲ್ಲುವ ಸಿಮ್ ಮೇಲು.

ವ್ಯಾಲೊರಂಟ್‌ನ ಸರ್ವರ್ ಮುಂಬೈನಲ್ಲಿದೆ. ಇಲ್ಲಿಂದ ರಸ್ತೆಯಲ್ಲಿ ಸುಮಾರು 600 ಕಿಲೋಮೀಟರ್. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಹೋಗಿ ಬರಲು 6 ಮಿಲಿಸೆಕೆಂಡ್ ಸಾಕು. ನಮಗೆ 45 ಬರುತ್ತಿದೆ ಅಂದರೆ ಉಳಿದದ್ದು ಎಲ್ಲಿ ಹೋಯಿತು? ಬಹುಪಾಲು ಟವರಿನ ಹತ್ತಿರ. ಮೇಲಕ್ಕೆ ಏನಾದರೂ ಕಳಿಸಬೇಕಾದರೆ ಮೋಡೆಮ್ ಮೊದಲು ಟವರಿನ ಅನುಮತಿ ಕೇಳಬೇಕು, ಸರದಿಗೆ ಕಾಯಬೇಕು. ಇನ್ನಷ್ಟು ಸಿಮ್ ಕಂಪನಿಯ ಗೇಟ್‌ವೇ, ಅಂದರೆ ಅವರ ಜಾಲದಿಂದ ಇಂಟರ್ನೆಟ್‌ಗೆ ಹೋಗುವ ಬಾಗಿಲು, ಅಲ್ಲಿವರೆಗಿನ ದಾರಿಗೆ. ನಮ್ಮ ಡೇಟಾ ನೇರವಾಗಿ ಇಂಟರ್ನೆಟ್‌ಗೆ ಹೋಗುವುದಿಲ್ಲ, ಮೊದಲು ಕಂಪನಿಯ ಗೇಟ್‌ವೇ ಯಾವ ಊರಲ್ಲಿದೆಯೋ ಅಲ್ಲಿಗೆ ಹೋಗಬೇಕು. ಹಾಗಾಗಿ ಪಕ್ಕಪಕ್ಕದ ಎರಡು ಸಿಮ್‌ಗೆ ಸಿಗ್ನಲ್ ಒಂದೇ ಥರ ಇದ್ದರೂ ಪಿಂಗ್ ಬೇರೆ ಇರುತ್ತೆ. ಇದನ್ನು ಯಾವ ರೂಟರೂ ಸರಿ ಮಾಡಲ್ಲ. ಸಿಮ್ ಬದಲಿಸುವುದೊಂದೇ ದಾರಿ.

ಇಷ್ಟಾದ ಮೇಲೆ ರೂಟರ್ ಆರಿಸುವ ಕೆಲಸ ಹಗುರವಾಯಿತು. ನಾನು ಮೊದಲು ನೋಡಿದ್ದು ಬ್ಯಾಂಡ್‌ಗಳನ್ನು, ಅಂದರೆ ಟವರ್ ಬಳಸುವ ರೇಡಿಯೋ ಅಲೆಗಳ ಪಟ್ಟಿಗಳನ್ನು. ನಮ್ಮ ದೇಶದ 4ಜಿಯಲ್ಲಿ ಬಳಕೆಯಲ್ಲಿರುವುದು ಮುಖ್ಯವಾಗಿ ಬ್ಯಾಂಡ್ 1, 3, 5, 8, 40, 41. ನಿಮ್ಮ ಸಿಮ್ ಕಂಪನಿ ಇವುಗಳಲ್ಲಿ ಯಾವುದನ್ನು ಕೊಡುತ್ತೋ ಅದೆಲ್ಲ ರೂಟರ್‌ನಲ್ಲಿ ಇರಲೇಬೇಕು. ಹೊರದೇಶದಿಂದ ನೆಂಟರು ತಂದುಕೊಟ್ಟ ಮಾಡೆಲ್ ಆದರೆ ಇದನ್ನು ಎರಡು ಸಲ ನೋಡಿ. ಅಮೆರಿಕದ ಮಾಡೆಲ್‌ಗಳಲ್ಲಿ ಬ್ಯಾಂಡ್ 40 ಇಲ್ಲದಿರುವುದು ಸಾಮಾನ್ಯ.

ಎರಡನೆಯದು ಬ್ಯಾಂಡ್ ಲಾಕ್, ಅಂದರೆ ನಾವು ಹೇಳಿದ ಬ್ಯಾಂಡನ್ನೇ ರೂಟರ್ ಹಿಡಿಯುವಂತೆ ಮಾಡುವುದು. ನನ್ನ ಕೇಳಿದರೆ ಗೇಮ್ ಆಡುವವರಿಗೆ ಸಿಮ್ ರೂಟರ್‌ನಲ್ಲಿ ಬೇಕಾದ ದೊಡ್ಡ ಸೌಲಭ್ಯ ಇದೇ. ಬ್ಯಾಂಡ್ 5 ಅಂದರೆ 850 ಮೆಗಾಹರ್ಟ್ಸ್. ಗೋಡೆ ದಾಟಿ ಒಳಗೆ ಬರುತ್ತದೆ, ಕಡ್ಡಿ ಫುಲ್ ತೋರಿಸುತ್ತದೆ. ಆದರೆ ಅದರ ಅಗಲ, ಅಂದರೆ ಡೇಟಾ ಓಡಲು ಇರುವ ಜಾಗ, ಸಾಮಾನ್ಯವಾಗಿ 5 ಇಲ್ಲವೇ 10 ಮೆಗಾಹರ್ಟ್ಸ್ ಅಷ್ಟೇ. ಮನೆಯೊಳಗೆ ಕೂತವರ ಫೋನೆಲ್ಲ ಅದಕ್ಕೇ ಅಂಟಿಕೊಂಡಿರುತ್ತದೆ. ಬ್ಯಾಂಡ್ 40 ಅಂದರೆ 2300 ಮೆಗಾಹರ್ಟ್ಸ್. ಗೋಡೆಗೆ ಸೋಲುತ್ತದೆ, ಆದರೆ ಅಗಲ ಜಾಸ್ತಿ. ರೂಟರನ್ನು ಅದರ ಪಾಡಿಗೆ ಬಿಟ್ಟರೆ ಜೋರಾದ ಸಿಗ್ನಲ್ ಕಡೆಗೇ ವಾಲುತ್ತದೆ. ನಮ್ಮ ಕಿಟಕಿಯಲ್ಲಿ ಬ್ಯಾಂಡ್ 5ರಲ್ಲಿ ಪಿಂಗ್ ರಾತ್ರಿ ಹೊತ್ತು 50ರಿಂದ 130ರ ನಡುವೆ ಕುಣಿಯುತ್ತಿತ್ತು. 40ಕ್ಕೆ ಲಾಕ್ ಮಾಡಿದ ಮೇಲೆ 45–55ರಲ್ಲಿ ನಿಂತಿತು. ಕಡ್ಡಿ ಮಾತ್ರ ಎರಡು ಕಡಿಮೆ. ಹುಡುಗ ಅದನ್ನು ನೋಡಿ ಗಾಬರಿಯಾದ, ಮ್ಯಾಚ್ ಆಡಿದ ಮೇಲೆ ಸುಮ್ಮನಾದ. ನಿಮ್ಮ ಕಡೆ ಬ್ಯಾಂಡ್ 3 ಚೆನ್ನಾಗಿರಬಹುದು, ಅದನ್ನು ರಾತ್ರಿ ಕೂತು ನೋಡಿಯೇ ಹೇಳಬೇಕು. ಕೆಲವು ರೂಟರ್‌ಗಳ ಸೆಟ್ಟಿಂಗ್ ಪುಟದಲ್ಲಿ ಬ್ಯಾಂಡ್ ಆಯ್ಕೆಯೇ ಇರುವುದಿಲ್ಲ, ಎಸ್‌ಐಎನ್‌ಆರ್ ಕೂಡ ತೋರಿಸುವುದಿಲ್ಲ. ಅಂಥದ್ದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ನನಗೆ ಬೇಡ.

ಡಬ್ಬಿ ಮೇಲೆ ಬರೆದಿರುವ 4ಜಿ ಮೋಡೆಮ್‌ನ ದರ್ಜೆ, ಕ್ಯಾಟಗರಿ 4 ಮತ್ತು 6ರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. 4ರ ಗರಿಷ್ಠ ವೇಗ 150 ಎಂಬಿಪಿಎಸ್, 6ರದ್ದು 300. 6 ಎರಡು ಬ್ಯಾಂಡ್ ಒಟ್ಟಿಗೆ ಹಿಡಿಯುತ್ತದೆ. ಮನೆಯಲ್ಲಿ ನಾಲ್ಕು ಜನ ವಿಡಿಯೋ ನೋಡುತ್ತಿದ್ದರೆ ಅದು ಬೇಕಾಗುತ್ತೆ. ಗೇಮ್‌ಗೆ ಒಂದೆರಡು ಎಂಬಿಪಿಎಸ್ ಧಾರಾಳ ಸಾಕು.

ಹೊರಗಿನ ಆಂಟೆನಾಗೆ ತೂತು ಇರುವ ಮಾಡೆಲ್ಲೇ ತಂದೆ, ಆದರೆ ಆಂಟೆನಾ ಇನ್ನೂ ಹಾಕಿಲ್ಲ. ಕಾರಣ ಇದೆ. ಮಾಳಿಗೆ ಮೇಲೆ ಆಂಟೆನಾ ಇಟ್ಟು ಹಾಲ್‌ವರೆಗೆ ತೆಳು ಕೇಬಲ್ ಎಳೆದರೆ 2300 ಮೆಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು 1 ಡಿಬಿಯಷ್ಟು ಸಿಗ್ನಲನ್ನು ಕೇಬಲ್ಲೇ ತಿನ್ನುತ್ತದೆ. ಹತ್ತು ಮೀಟರ್ ಎಳೆದರೆ ಗಳಿಸಿದ್ದೆಲ್ಲ ಹೋಯಿತು. ಲ್ಯಾನ್ ಕೇಬಲ್ ಹಾಗಲ್ಲ, 100 ಮೀಟರ್‌ವರೆಗೆ ಚಿಂತೆ ಇಲ್ಲ. ಅದಕ್ಕೇ ಆಂಟೆನಾ ಬಿಟ್ಟು ರೂಟರನ್ನೇ ಕಿಟಕಿಗೆ ಕಳಿಸಿದೆ. ಮೆಟ್ಟಿಲ ಕಿಟಕಿಯ ಪಕ್ಕ ಒಂದು ಹಲಗೆ ಹೊಡೆದು, ರೂಟರನ್ನು ಕಬ್ಬಿಣದ ಗ್ರಿಲ್‌ನಿಂದ ಒಂದು ಗೇಣು ಪಕ್ಕಕ್ಕೆ ಸರಿಸಿ ಇಟ್ಟೆ. ಗ್ರಿಲ್‌ಗೆ ಒರಗಿಸಿದರೆ ಎಸ್‌ಐಎನ್‌ಆರ್ ಮೂರು ನಾಲ್ಕು ಇಳಿಯುತ್ತಿತ್ತು. ಅಲ್ಲಿಂದ ಬಾಗಿಲ ಚೌಕಟ್ಟಿನ ಗುಂಟ ಲ್ಯಾನ್ ಕೇಬಲ್ ಹಾಲ್‌ಗೆ ಬಂತು.

ಹಾಲ್‌ನಲ್ಲಿ ಇನ್ನೊಂದು ಡಬ್ಬಿ, ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ತಂತ್ರಾಂಶ ಹಾಕಿದ ಹಳೇ ವೈಫೈ ರೂಟರ್. ಎರಡು ಡಬ್ಬಿ ಯಾಕೆ ಅಂತ ಕೇಳುತ್ತಾರೆ. ಉತ್ತರ ಅಪ್‌ಲೋಡ್. ನನ್ನ ಹೆಂಡತಿಯ ಫೋನ್ ರಾತ್ರಿ ಫೋಟೋ ಬ್ಯಾಕಪ್ ಶುರು ಮಾಡಿದ ಕೂಡಲೇ ಗೇಮ್‌ನ ಪಿಂಗ್ 400 ದಾಟುತ್ತಿತ್ತು. ರೇಷನ್ ಅಂಗಡಿಯಲ್ಲಿ ನಿಮ್ಮ ಮುಂದೆ ಒಬ್ಬ ಹತ್ತು ಮನೆಯ ಕಾರ್ಡ್ ಹಿಡಿದು ನಿಂತ ಹಾಗೆ. ನಿಮಗೆ ಬೇಕಾದ್ದು ಒಂದು ಕೆಜಿ ಸಕ್ಕರೆ, ಆದರೆ ಅವನದು ಮುಗಿಯುವ ತನಕ ಕಾಯಬೇಕು. ಫೋಟೋದ ಪ್ಯಾಕೆಟ್‌ಗಳು ಮೋಡೆಮ್‌ನಲ್ಲಿ ಸಾಲುಗಟ್ಟಿರುತ್ತವೆ, ಗೇಮ್‌ನ ಸಣ್ಣ ಪ್ಯಾಕೆಟ್ ಹಿಂದೆ ಸಿಕ್ಕಿಹಾಕಿಕೊಳ್ಳುತ್ತದೆ. ಇದಕ್ಕೆ ಮದ್ದು ಎಸ್‌ಕ್ಯೂಎಂ, ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಸಿಗುವ ಸಾಲು ನಿಭಾಯಿಸುವ ಸೌಲಭ್ಯ. ಅದರೊಳಗಿನ ಕೇಕ್ ಅನ್ನುವ ವಿಧಾನ ಸಾಲನ್ನು ಬೆಳೆಯಲು ಬಿಡದೆ ಎಲ್ಲರಿಗೂ ಸರದಿ ಹಂಚುತ್ತದೆ.

ಒಂದು ತೊಡಕಿದೆ. ಎಸ್‌ಕ್ಯೂಎಂಗೆ ನಿಮ್ಮ ಲೈನಿನ ವೇಗ ಎಷ್ಟು ಅಂತ ಹೇಳಬೇಕು, ಮೊಬೈಲ್‌ನಲ್ಲಿ ಅದು ಗಂಟೆಗೊಂದು ಥರ. ನಾನು ರಾತ್ರಿಯ ಕನಿಷ್ಠ ವೇಗ ಹಿಡಿದೆ. ಇಳಿಯುವುದು 18, ಏರುವುದು 6 ಎಂಬಿಪಿಎಸ್ ಸಿಗುತ್ತಿತ್ತು, 15 ಮತ್ತು 5 ಅಂತ ಕೊಟ್ಟೆ. ಹಗಲು 40 ಸಿಕ್ಕರೂ 15ರಲ್ಲೇ ಇರುತ್ತೇವೆ, ಬೇಜಾರಿಲ್ಲ. ಈಗ ಫೋಟೋ ಏರುತ್ತಿದ್ದರೂ ಪಿಂಗ್ 60–65. ವೇಗ ಬಿಟ್ಟುಕೊಡಲು ಮನಸ್ಸಿಲ್ಲದವರಿಗೆ ಕೇಕ್-ಆಟೋರೇಟ್ ಎಂಬ ಸ್ಕ್ರಿಪ್ಟ್ ಇದೆ, ಪಿಂಗ್ ನೋಡಿಕೊಂಡು ಮಿತಿಯನ್ನು ತಾನೇ ಏರಿಳಿಸುತ್ತದೆ. ಹಳೇ ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಹಾಕುವ ಮೊದಲು ಅದರ ಹಾರ್ಡ್‌ವೇರ್ ಪಟ್ಟಿಯಲ್ಲಿ ನಿಮ್ಮ ಮಾಡೆಲ್, ವರ್ಷನ್ ಸಮೇತ ಇದೆಯಾ ನೋಡಿಕೊಳ್ಳಿ.

ವೈಫೈ ವಿಷಯ ಇಷ್ಟೇ: ಕಂಪ್ಯೂಟರ್‌ಗೆ ಲ್ಯಾನ್ ಕೇಬಲ್, ಬಿಜಿಎಂಐ ಆಡುವ ಫೋನ್‌ಗೆ 5 ಗಿಗಾಹರ್ಟ್ಸ್. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ, 1, 6, 11. ಅಕ್ಕಪಕ್ಕದ ಮನೆಯವರೆಲ್ಲ ಅಲ್ಲೇ ಇರುತ್ತಾರೆ.

ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿನಿಂದ ಬರುವ ಸಂಪರ್ಕಕ್ಕೆ ರೂಟರ್‌ನಲ್ಲಿ ಬಾಗಿಲು ತೆರೆಯುವುದು, ಮಾಡಿದರೆ ಪಿಂಗ್ ಇಳಿಯುತ್ತೆ ಅನ್ನುವ ಸಲಹೆ ಬಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಮೊಬೈಲ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ನೂರಾರು ಜನಕ್ಕೆ ಹಂಚಿರುತ್ತವೆ. ಸಿಮ್ ರೂಟರ್‌ನ ವ್ಯಾನ್ (ಹೊರಬದಿಯ) ವಿಳಾಸ 10ರಿಂದಲೋ, 100.64 ಮತ್ತು 100.127ರ ನಡುವೆಯೋ ಶುರುವಾದರೆ ನೀವೂ ಆ ಗುಂಪಿನಲ್ಲಿದ್ದೀರಿ, ಪೋರ್ಟ್ ತೆರೆದು ಪ್ರಯೋಜನ ಇಲ್ಲ. ವ್ಯಾಲೊರಂಟ್, ಬಿಜಿಎಂಐ ಥರ ಕಂಪನಿ ಸರ್ವರ್‌ನಲ್ಲಿ ನಡೆಯುವ ಗೇಮ್‌ಗೆ ಇದು ಅಡ್ಡಿಯಲ್ಲ. ಆಟಗಾರರು ನೇರ ಒಬ್ಬರಿಗೊಬ್ಬರು ಜೋಡಿಸಿಕೊಳ್ಳುವ ಗೇಮ್‌ಗಳಲ್ಲಿ ತೊಂದರೆ ಕೊಡುತ್ತದೆ.

ಡೇಟಾ ಗೇಮ್ ತಿನ್ನುವುದು ಕಡಿಮೆ, ಅಪ್‌ಡೇಟ್ ತಿನ್ನುವುದು ಜಿಬಿಗಟ್ಟಲೆ. ದಿನಕ್ಕೆ 2 ಜಿಬಿ ಪ್ಲಾನ್ ಆದರೆ ಮುಗಿದ ಮೇಲೆ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ, ಅಲ್ಲಿಗೆ ಆಟ ಬಂದ್. ಫೋನಿನ ಪ್ಲಾನಿನಲ್ಲಿ ಅನ್‌ಲಿಮಿಟೆಡ್ ಅಂತ ಬರೆದದ್ದು ರೂಟರ್‌ಗೂ ಸಿಗುತ್ತೆ ಅಂತ ನಂಬಿ ರೀಚಾರ್ಜ್ ಹಾಕಿಸಬೇಡಿ, ನಿಯಮ ಓದಿ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗುವುದು ಲೆಕ್ಕವಿಲ್ಲ. ಎರಡೂ ಡಬ್ಬಿಗೆ ಒಂದೊಂದು 12 ವೋಲ್ಟ್ ಮಿನಿ ಯುಪಿಎಸ್ ಹಾಕಿದ್ದೇನೆ. ಕೊಳ್ಳುವಾಗ ವೋಲ್ಟ್ ಅಡಾಪ್ಟರ್ ಮೇಲಿರುವಷ್ಟೇ ಇರಬೇಕು, ಆಂಪಿಯರ್ ಅದಕ್ಕಿಂತ ಕಡಿಮೆ ಇರಬಾರದು.

5ಜಿ ರೂಟರ್ ಯಾಕೆ ತರಲಿಲ್ಲ ಅಂತ ಹುಡುಗ ಈಗಲೂ ಕೇಳುತ್ತಾನೆ. ಫೋನ್ ಹಿಡಿದು ಅದನ್ನೂ ನೋಡಿದ್ದೆವು. ಮಾಳಿಗೆ ಮೇಲೆ 5ಜಿ ಚೆನ್ನಾಗಿ ಬರುತ್ತದೆ, ಕಿಟಕಿಗೆ ಇಳಿದರೆ ಬಂದು ಹೋಗಿ ಮಾಡುತ್ತದೆ. 5ಜಿ ಹೆಚ್ಚಾಗಿ ಓಡುವುದು 3300 ಮೆಗಾಹರ್ಟ್ಸ್‌ನ ಮೇಲೆ, ಚಿರೇಕಲ್ಲನ್ನು ದಾಟಲು ಅದಕ್ಕೆ 2300ಕ್ಕಿಂತ ಕಷ್ಟ. 4ಜಿ, 5ಜಿ ನಡುವೆ ರೂಟರ್ ಓಲಾಡುವಾಗ ಪಿಂಗ್ ಜಿಗಿಯುತ್ತದೆ. 2023ರಿಂದ ಏರ್‌ಟೆಲ್, ಜಿಯೋ ಎರಡೂ ಏರ್‌ಫೈಬರ್ ಅಂತ ಮನೆಗೆ 5ಜಿ ಮೂಲಕ ಇಂಟರ್ನೆಟ್ ಕೊಡುತ್ತಿವೆ. ಮಾಳಿಗೆ ಮೇಲೆ ಕೂರಿಸುವ ಹೊರಗಿನ ಯೂನಿಟ್ ಸಮೇತ ಬಂದರೆ ನಮ್ಮಂಥ ಮನೆಗೆ ಅದೇ ಸರಿ. ಅದರಲ್ಲಿ ಮೋಡೆಮ್ ಅವರದ್ದೇ, ಆರಿಸುವ ಮಾತಿಲ್ಲ, ಆದರೆ ಹಿಂದೆ ನಮ್ಮ ಎಸ್‌ಕ್ಯೂಎಂ ಡಬ್ಬಿ ಸೇರಿಸಬಹುದು. ಮಾಳಿಗೆಯಲ್ಲಿ ಬೋಲ್ಟ್ ಹೊಡೆಯಲು ಮನೆಯ ಮಾಲೀಕರು ಗಣೇಶ ಚೌತಿ ಕಳೆಯಲಿ ಅಂದಿದ್ದಾರೆ.