ಮಗುವಿಗೆ ರಕ್ತದ ಕ್ಯಾನ್ಸರ್: ಮನೆಯವರು ಏನೇನು ಮಾಡಬೇಕು?

ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ರಕ್ತದ ಕ್ಯಾನ್ಸರೇ ಜಾಸ್ತಿ. ಅದರಲ್ಲೂ ಹೆಚ್ಚು ಕಾಣುವುದು ಎಎಲ್‌ಎಲ್ (ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ) ಎಂಬ ಬಗೆ. ಪೂರ್ತಿ ಚಿಕಿತ್ಸೆ ಸಿಕ್ಕರೆ ಇದು ಗುಣವಾಗುವ ಕಾಯಿಲೆ. ಆದರೆ ಎರಡರಿಂದ ಮೂರು ವರ್ಷ ಹಿಡಿಯುತ್ತದೆ. ದೊಡ್ಡಾಸ್ಪತ್ರೆ ಬೆಂಗಳೂರಿನಲ್ಲಿದ್ದರೂ ಆ ದಿನಗಳಲ್ಲಿ ಹೆಚ್ಚಿನವು ಕಳೆಯುವುದು ದಾವಣಗೆರೆಯ ನಿಮ್ಮ ಮನೆಯಲ್ಲೇ. ಹಾಗಾಗಿ ಮನೆಯೂ ತಯಾರಾಗಬೇಕು.

1. ಮೊದಲು ಕಾಗದಪತ್ರ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೆಫರಲ್ ಪತ್ರ ಬೇಕೇ ಎಂದು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಹೊರಡುವ ಮೊದಲೇ ಕೇಳಿ. ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಗೋ ಬೇರೆ ಆಸ್ಪತ್ರೆಗೋ ರೈಲಿನಲ್ಲಿ ಹೋಗುವುದಾದರೆ ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ರಿಯಾಯಿತಿ ಇದೆ. ಫಾರಂಗೆ ಅಲ್ಲಿನ ಡಾಕ್ಟರ ಸಹಿ ಬೇಕು.

2. ಜ್ವರ ಬಂದರೆ ಎಲ್ಲಿಗೆ ಓಡಬೇಕು?

ಬಹಳ ಮನೆಗಳಲ್ಲಿ ಮರೆತುಹೋಗುವ ಹಂತ ಇದೇ. ಕೀಮೋ (ಕ್ಯಾನ್ಸರ್ ಕಣ ಕೊಲ್ಲುವ ಔಷಧಿ) ಕೊಟ್ಟ ಮೇಲೆ ಸೋಂಕು ತಡೆಯುವ ಬಿಳಿ ರಕ್ತಕಣ ಕುಸಿಯುತ್ತದೆ, ಮನೆಯವರ ಮಾತಿನಲ್ಲಿ ‘ಕೌಂಟ್ ಇಳಿದಿದೆ’. ಆಗ ಬರುವ ಸೋಂಕು ಗಂಟೆಗಳಲ್ಲೇ ಮೈಗೆಲ್ಲ ಹರಡಬಹುದು. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತೋ, ಬೆಳಗಾಗಲಿ ಎಂದು ಕಾಯುವಂತಿಲ್ಲ. ಡಾಕ್ಟರನ್ನು ಕೇಳದೆ ಪ್ಯಾರಾಸಿಟಮಾಲ್ ಕೊಡಬೇಡಿ. ಜ್ವರ ಮುಚ್ಚಿಹೋಗುತ್ತದೆ, ಸೋಂಕು ಹಾಗೇ ಇರುತ್ತದೆ. ಪಕ್ಕದ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಇಂಜೆಕ್ಷನ್ ಹಾಕಿಸುವುದೂ ಬೇಡ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣ ಕಡಿಮೆ ಇದ್ದರೆ ಒಳಗೇ ರಕ್ತ ಸೋರುತ್ತದೆ.

ಬೆಂಗಳೂರು ಸುಮಾರು 260 ಕಿಲೋಮೀಟರ್ ದೂರ. ನಡುರಾತ್ರಿ ಅಲ್ಲಿಗೆ ಓಡಲು ಆಗುತ್ತಾ? ಅದಕ್ಕೇ ಡಿಸ್ಚಾರ್ಜ್ ದಿನವೇ ಡಾಕ್ಟರನ್ನು ಕೇಳಿ: ದಾವಣಗೆರೆಯಲ್ಲಿ ಯಾವ ಆಸ್ಪತ್ರೆಗೆ ಹೋಗಬೇಕು, ಯಾವ ಆ್ಯಂಟಿಬಯೋಟಿಕ್ ಶುರು ಮಾಡಬೇಕು. ಒಂದು ಪತ್ರದಲ್ಲಿ ಬರೆಸಿಕೊಳ್ಳಿ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಮೊದಲ ಡೋಸ್ ಹೋಗಬೇಕು ಎಂಬುದು ಗುರಿ. ಆ ಪತ್ರ, ಫೈಲು, ಆರೋಗ್ಯ ಕಾರ್ಡು, ಒಂದು ಜೊತೆ ಬಟ್ಟೆ ಸದಾ ಒಂದೇ ಚೀಲದಲ್ಲಿರಲಿ. ಚಿತ್ರದುರ್ಗ ಕಡೆಯ ಹಳ್ಳಿಯವರಾದರೆ ರಾತ್ರಿ ಕರೆದರೂ ಬರುವ ಗಾಡಿಯವರ ನಂಬರನ್ನೂ ಇಟ್ಟುಕೊಳ್ಳಿ.

3. ಮಾತ್ರೆಯ ಲೆಕ್ಕ

ಮೊದಲ ತಿಂಗಳ ಚಿಕಿತ್ಸೆ ಮುಗಿದಾಗ ಎಷ್ಟೋ ಮಕ್ಕಳಲ್ಲಿ ಪರೀಕ್ಷೆಗೆ ಕ್ಯಾನ್ಸರ್ ಕಾಣುವುದಿಲ್ಲ. ಮಗು ಓಡಾಡುತ್ತದೆ, ನಗುತ್ತದೆ. ‘ಇನ್ನು ಸಾಕು’ ಅನ್ನಿಸುವುದು ಆಗಲೇ. ಕಣ್ಣಿಗೆ ಬೀಳದ ಕಣಗಳು ಉಳಿದಿರುತ್ತವೆ, ನಿಲ್ಲಿಸಿದರೆ ಕಾಯಿಲೆ ತಿರುಗಿ ಬರುತ್ತದೆ.

ಮನೆಯಲ್ಲಿ ಮಾತ್ರೆ ನುಂಗುವ ಕೊನೆಯ ಘಟ್ಟವೇ ಎಲ್ಲಕ್ಕಿಂತ ಉದ್ದ. ಸಾಮಾನ್ಯವಾಗಿ ಮರ್ಕ್ಯಾಪ್ಟೊಪ್ಯೂರಿನ್ ದಿನಾ, ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ವಾರದ ಮಾತ್ರೆಯನ್ನು ತಪ್ಪಿ ದಿನಾ ಕೊಟ್ಟರೆ ಜೀವಕ್ಕೇ ಅಪಾಯ. ವಾರದಲ್ಲಿ ಅದನ್ನು ಕೊಡುವ ದಿನ ಗೊತ್ತು ಮಾಡಿ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ. ಕೊಡುವವರು ಒಬ್ಬರೇ ಇರಲಿ, ಕೊಟ್ಟ ಕೂಡಲೇ ಗುರುತು ಹಾಕಲಿ. ವಾಂತಿಯಾದರೆ ಫೋನ್ ಮಾಡಿ ಕೇಳಿ, ನೀವೇ ಮತ್ತೆ ಕೊಡಬೇಡಿ. ನಾಟಿ ಔಷಧಿ ಜೊತೆಗೆ ಬೇಡವೇ ಬೇಡ. ಈ ಮಾತ್ರೆಗಳ ಭಾರವೇ ಲಿವರ್‌ಗೆ ಸಾಕಷ್ಟಿದೆ.

4. ಊಟ

ಚಿಕಿತ್ಸೆಯ ಭಾಗವಾಗಿ ಸ್ಟೀರಾಯ್ಡ್ ಮಾತ್ರೆ ಕೊಡುವ ವಾರಗಳಲ್ಲಿ ಮಗು ರಾತ್ರಿ ಎರಡಕ್ಕೆದ್ದು ಬೆಣ್ಣೆ ದೋಸೆ ಬೇಕು ಎಂದು ಹಟ ಹಿಡಿಯಬಹುದು. ಅದು ಮಾತ್ರೆಯ ಹಸಿವು, ಮಾತ್ರೆಯ ಸಿಟ್ಟು. ಬೈಯಬೇಡಿ. ಮನೆಯಲ್ಲೇ ಬಿಸಿಯಾಗಿ ಹಾಕಿಕೊಡಿ, ಉಪ್ಪು ಕಡಿಮೆ ಇರಲಿ. ಕೌಂಟ್ ಇಳಿದಾಗ ಹೊರಗಿನ ಚಟ್ನಿ, ಹಸಿ ಈರುಳ್ಳಿ ಬೆರೆಸಿದ ಮಂಡಕ್ಕಿ, ಕೋಸಂಬರಿ ಬೇಡ. ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು, ಕಿತ್ತಳೆಯನ್ನು ತೊಳೆದು ಕೊಡಿ.

5. ಜನ

ನೋಡಿಕೊಂಡು ಹೋಗಲು ಬರುವ ನೆಂಟರನ್ನು ತಡೆಯುವುದು ಕೀಮೋಗಿಂತ ಕಷ್ಟ! ಈ ಕೆಲಸ ಅಜ್ಜನಿಗೋ ದೊಡ್ಡಪ್ಪನಿಗೋ ಒಪ್ಪಿಸಿ, ಅವರ ಮಾತಿಗೆ ಯಾರೂ ಎದುರಾಡುವುದಿಲ್ಲ. ನೆಗಡಿ ಇರುವವರು ಬಾಗಿಲಲ್ಲೇ ಮಾತಾಡಿಸಿ ಹೋಗಲಿ.

ಅಕ್ಕ, ತಮ್ಮ ಇದ್ದರೆ ಇದು ಅಂಟುವ ಕಾಯಿಲೆ ಅಲ್ಲ, ಯಾರ ತಪ್ಪಿನಿಂದ ಬಂದದ್ದೂ ಅಲ್ಲ ಎಂದು ಬಿಡಿಸಿ ಹೇಳಿ. ಅವರಿಗೆ ಲಸಿಕೆ ಹಾಕಿಸುವಾಗ ಮನೆಯಲ್ಲಿ ಕೀಮೋ ಪಡೆಯುವ ಮಗು ಇದೆ ಎಂದು ತಿಳಿಸಿ. ಡಾಕ್ಟರು ಒಪ್ಪಿದ ಮೇಲೆ ಮಗು ಶಾಲೆಗೆ ಹೋಗಬಹುದು. ಕ್ಲಾಸ್ ಟೀಚರ್ ಹತ್ತಿರ ಒಂದು ಮಾತು ಹೇಳಿಡಿ: ತರಗತಿಯಲ್ಲಿ ಯಾರಿಗಾದರೂ ಅಮ್ಮ (ಚಿಕನ್‌ಪಾಕ್ಸ್) ಎದ್ದರೆ, ದಡಾರ ಬಂದರೆ ಅದೇ ದಿನ ಫೋನ್ ಮಾಡಬೇಕು. ನಿಮ್ಮ ಮಗುವಿಗೆ ಗುಳ್ಳೆ ಏಳುವ ತನಕ ಕಾಯದೆ ನೀವೂ ಅವತ್ತೇ ಆಸ್ಪತ್ರೆಗೆ ತಿಳಿಸಿ.