ನೆಟ್ ಇಲ್ಲ ಅಂತ ಕಂಪ್ಲೇಂಟ್ ಕೊಡುವ ಮುಂಚೆ

ಮಳೆ ಹಿಡಿದರೆ ಈ ಗ್ರೂಪಿನಲ್ಲಿ ಒಂದೇ ಮಾತು: "ವೈಫೈ ಫುಲ್ ಇದೆ, ನೆಟ್ ಬರ್ತಿಲ್ಲ." ವೈಫೈ ಬೇರೆ, ಇಂಟರ್ನೆಟ್ ಬೇರೆ. ಫೋನಿನಲ್ಲಿ ಕಾಣುವ ಗೆರೆಗಳು ಮನೆಯ ರೂಟರ್‌ವರೆಗಿನ ಕಥೆ ಮಾತ್ರ ಹೇಳುತ್ತವೆ. ಮಡಿಕೇರಿ ರಸ್ತೆಯಲ್ಲಿ ಮರ ಬಿದ್ದು ಫೈಬರ್ ಕೇಬಲ್ ತುಂಡಾಗಿದ್ದರೂ ಗೆರೆ ಫುಲ್ ಇರುತ್ತದೆ.

ಹಾಗಾಗಿ ಮೊದಲು ಫೈಬರ್ ಬರುವ ಡಬ್ಬಿ ನೋಡಿ. ಅದರಲ್ಲಿ 'ಎಲ್‌ಓಎಸ್' (LOS, ಅಂದರೆ ಲಾಸ್ ಆಫ್ ಸಿಗ್ನಲ್) ಅಂತ ಒಂದು ದೀಪ ಇರುತ್ತದೆ. ಅದು ಕೆಂಪಗೆ ಮಿಣುಕುತ್ತಿದ್ದರೆ ಕೇಬಲ್‌ನಿಂದ ಸಿಗ್ನಲ್ಲೇ ಬರುತ್ತಿಲ್ಲ ಅಂತ ಲೆಕ್ಕ. ಹಿಂದಿನ ತೆಳು ವೈರ್ ಮಡಚಿದೆಯಾ, ಸಡಿಲ ಆಗಿದೆಯಾ ನೋಡಿ. ಎಲ್ಲ ಸರಿ ಇದ್ದರೆ ತೊಂದರೆ ಬಹುಶಃ ಹೊರಗಿನ ಲೈನಿನದ್ದು. ಸುಮ್ನೆ ಹತ್ತು ಸಲ ಆಫ್ ಆನ್ ಮಾಡಿ ಪ್ರಯೋಜನ ಇಲ್ಲ. ರೀಸೆಟ್ ತೂತಿಗಂತೂ ಪಿನ್ ಚುಚ್ಚಲೇಬೇಡಿ. ಸೆಟ್ಟಿಂಗ್ ಅಳಿಸಿಹೋದರೆ ಲೈನ್ ಸರಿಯಾದ ಮೇಲೂ ನೆಟ್ ಬರದೆ ಇರಬಹುದು. ಕಂಪನಿಗೆ ಫೋನ್ ಮಾಡಿ "ಎಲ್‌ಓಎಸ್ ಕೆಂಪು ಬರ್ತಿದೆ" ಅನ್ನಿ. ಅವರ ಅರ್ಧ ಪ್ರಶ್ನೆ ಅಲ್ಲೇ ಮುಗಿಯುತ್ತದೆ.

100 ಎಂಬಿಪಿಎಸ್ ಪ್ಲಾನ್ ಹಾಕಿಸಿದರೂ ಡೌನ್‌ಲೋಡ್ ಸೆಕೆಂಡಿಗೆ 12 ಎಂಬಿ ಅಂತ ತೋರಿಸುತ್ತದೆ ಅಲ್ವಾ? ಮೋಸ ಏನಿಲ್ಲ. ಪ್ಲಾನ್ ಲೆಕ್ಕ ಬಿಟ್‌ನಲ್ಲಿ (ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್), ಫೈಲ್ ಲೆಕ್ಕ ಬೈಟ್‌ನಲ್ಲಿ (ಎಂಬಿ ಅಂದರೆ ಮೆಗಾಬೈಟ್). 8 ಬಿಟ್‌ಗೆ 1 ಬೈಟ್, ಹಾಗಾಗಿ 100ನ್ನು 8ರಿಂದ ಭಾಗಿಸಿದರೆ ಹನ್ನೆರಡೂವರೆ.

ಹೋಂಸ್ಟೇ ನಡೆಸುವವರು ಇನ್ನೊಂದು ಗಮನಿಸಿ. ನಿಮ್ಮ ರೂಟರ್‌ನದ್ದು ಎರಡು ವೈಫೈ ಹೆಸರು ಫೋನಿನಲ್ಲಿ ಕಂಡರೆ, ಅವು ಬೇರೆ ಬೇರೆ ರೇಡಿಯೋ ಅಲೆಯವು: 2.4 ಗಿಗಾಹರ್ಟ್ಸ್‌ನದ್ದು ದೂರ ಹೋಗುತ್ತದೆ, ಗೋಡೆಯನ್ನೂ ಚೆನ್ನಾಗಿ ದಾಟುತ್ತದೆ. 5 ಗಿಗಾಹರ್ಟ್ಸ್‌ನದ್ದು ವೇಗ ಜಾಸ್ತಿ, ಆದರೆ ಹಳೇ ಮನೆಗಳ ದಪ್ಪ ಗೋಡೆ ಬಂದರೆ ಸೋಲುತ್ತದೆ. ಹಿಂದಿನ ರೂಮಿನ ಗೆಸ್ಟ್‌ಗೆ 2.4 ಕೊಡಿ, ಹಾಲ್‌ನ ಟಿವಿಗೆ 5 ಇರಲಿ.