ಹೂ ಬಿಟ್ಟ ಸಸಿ ಬೇಡ, ಬೀಜದಿಂದಲೇ ಬೆಳೆಸಿ

ನರ್ಸರಿಯಲ್ಲಿ ಹೂ ಬಿಟ್ಟು ನಿಂತ ಚೆಂಡು ಹೂವಿನ ಸಸಿ ನೋಡೋಕೆ ಚೆಂದ. ಆದರೆ ನಾನು ಕೊಳ್ಳುವುದಿಲ್ಲ. ಇವು ಒಂದೇ ಹಂಗಾಮಿನ ಗಿಡಗಳು, ಹುಟ್ಟಿ ಹೂ ಬಿಟ್ಟು ಬೀಜ ಕಟ್ಟಿ ಒಣಗುವುದೆಲ್ಲ ನಾಲ್ಕೈದು ತಿಂಗಳಲ್ಲಿ ಮುಗಿಯುತ್ತದೆ. ಅಂಗೈಯಷ್ಟು ಚೀಲದಲ್ಲಿ ಬೇರು ಸುತ್ತಿಕೊಂಡು ಆಗಲೇ ಹೂ ಬಿಟ್ಟಿದೆ ಅಂದರೆ ಅದರ ಆಯುಷ್ಯ ಅರ್ಧ ಕಳೆದ ಹಾಗೆ. ಮೊಗ್ಗಿಲ್ಲದ, ಕುಳ್ಳಗಿನ, ದಪ್ಪ ಕಾಂಡದ ಸಸಿ ಸಿಕ್ಕರೆ ತರಬಹುದು. ಸಿಗುವುದು ಕಡಿಮೆ. ಹಾಗಾಗಿ ಬೀಜವೇ ವಾಸಿ.

ನಮ್ಮ ಮನೆ ಬಾಗಲಕೋಟೆ ನವನಗರದಲ್ಲಿ. ಅಂಗಳ ಅಗೆದರೆ ಬರೀ ಗರಸು, ಅಂದರೆ ಕಲ್ಲು ಬೆರೆತ ಒರಟು ಮಣ್ಣು. ಗರಸಿನಲ್ಲಿ ನೀರು ನಿಲ್ಲುವುದಿಲ್ಲ, ಹೊಲದ ಎರಿ (ಕಪ್ಪು) ಮಣ್ಣು ತಂದು ಹಾಕಿದರೆ ನೀರು ಇಳಿಯುವುದಿಲ್ಲ. ಹಸಿ ಇದ್ದಾಗ ಕಾಲಿಗೆ ಅಂಟುತ್ತದೆ, ಒಣಗಿದರೆ ಬೆರಳು ಹೋಗುವಷ್ಟು ಬಿರುಕು. ಅದಕ್ಕೆ ಎರಡನ್ನೂ ಸಮ ಬೆರೆಸಿ, ಪೂರ್ತಿ ಕಳಿತ ತಿಪ್ಪೆ ಗೊಬ್ಬರ ಒಂದು ಪಾಲು ಸೇರಿಸುತ್ತೇನೆ. ಹಸಿ ಸಗಣಿ ಬೇಡವೇ ಬೇಡ, ಗೊಣ್ಣೆ ಹುಳ ಬಂದು ಬೇರು ತಿನ್ನುತ್ತದೆ. ಯೂರಿಯಾ ಜಾಸ್ತಿ ಹಾಕಿದರೆ ಎಲೆ ದಟ್ಟವಾಗಿ ಬರುತ್ತದೆ, ಹೂ ಮಾತ್ರ ಕೇಳಬೇಡಿ.

ಲೆಕ್ಕ ಹಾಕುವುದು ಹಬ್ಬದಿಂದ ಹಿಂದಕ್ಕೆ. ದೀಪಾವಳಿ ಪಾಡ್ಯದ ದಿನ ಸಗಣಿಯಲ್ಲಿ ಮಾಡಿ ಪೂಜಿಸುವ ಪಾಂಡವರಿಗೆ ಚೆಂಡು ಹೂ ಬೇಕೇ ಬೇಕು, ಆಗ ಪೇಟೆಯಲ್ಲಿ ಅದರ ರೇಟು ಕೇಳೋ ಹಾಗಿರಲ್ಲ. ದೀಪಾವಳಿಗೆ ಹೂ ಬೇಕಾದರೆ ಜುಲೈ ಕೊನೆಯಲ್ಲಿ ಬೀಜ ಹಾಕಬೇಕು, ದಸರಾಕ್ಕೂ ಬೇಕಾದರೆ ಅದಕ್ಕಿಂತ ಮೂರು ವಾರ ಮುಂಚೆ. ಅಗಲವಾದ ಹಳೆ ಬುಟ್ಟಿಯಲ್ಲಿ ಬೀಜ ಉದುರಿಸಿ, ಮೇಲೆ ಬೆರಳಿನ ಉಗುರು ಮುಚ್ಚುವಷ್ಟು ಮಾತ್ರ ಪುಡಿ ಮಣ್ಣು. ವಾರದೊಳಗೆ ಮೊಳಕೆ. ಈ ಹಂತದಲ್ಲಿ ನೀರು ಜಾಸ್ತಿಯಾದರೆ ಎಳೆ ಸಸಿ ಬುಡದಲ್ಲೇ ಕೊಳೆತು ರಾತ್ರೋರಾತ್ರಿ ಮಲಗಿಬಿಡುತ್ತದೆ, ಆಮೇಲೆ ಏನು ಮಾಡಿದರೂ ಏಳುವುದಿಲ್ಲ. ಮೂರ್ನಾಲ್ಕು ವಾರಕ್ಕೆ ಸಂಜೆ ಹೊತ್ತು ಕಿತ್ತು ನೆಡುತ್ತೇನೆ, ದೊಡ್ಡ ಹೂವಿನ ಜಾತಿಗೆ ಒಂದೂವರೆ ಅಡಿ ಅಂತರ, ಗಿಡ್ಡ ಜಾತಿಗೆ ಅದರ ಅರ್ಧ.

ಮುಖ್ಯವಾದ ಕೆಲಸ ಆಮೇಲಿನದು. ನೆಟ್ಟು ತಿಂಗಳಾಗುವ ಹೊತ್ತಿಗೆ ಮೊದಲ ಮೊಗ್ಗು ಕಾಣುತ್ತದೆ, ಮನೆಯವರೆಲ್ಲ ಖುಷಿ ಪಡುತ್ತಾರೆ, ನಾನು ಅದನ್ನು ತುದಿ ಸಮೇತ ಚಿವುಟುತ್ತೇನೆ. "ಏನವ್ವಾ ಇದು, ಹೂ ಬರೂ ಮೊದ್ಲ ಕುತ್ತಿಗಿ ಮುರೀತಿ" ಅಂತ ನಮ್ಮತ್ತೆ ಪ್ರತಿ ವರ್ಷ ಬೈಯುತ್ತಾರೆ. ಹೂ ಒಂದೆರಡು ವಾರ ತಡವಾಗುತ್ತದೆ, ನಿಜ. ಆದರೆ ಚಿವುಟಿದ ಜಾಗದ ಕೆಳಗೆ ಪ್ರತಿ ಎಲೆಯ ಸಂದಿಯಿಂದ ಕವಲು ಒಡೆಯುತ್ತದೆ, ಒಂದು ಹೂವಿನ ಜಾಗದಲ್ಲಿ ನಾಲ್ಕೈದು ಟೊಂಗೆ. ಬಾಡಿದ ಹೂವನ್ನು ಗಿಡದಲ್ಲಿ ಬಿಡಬೇಡಿ. ಬೀಜ ಕಟ್ಟಿತು ಅಂದರೆ ಗಿಡದ ಕೆಲಸ ಮುಗಿಯಿತು, ಆಮೇಲೆ ಯಾಕೆ ಹೂ ಬಿಡುತ್ತದೆ ಅಲ್ವಾ?

ನೀರು ದಿನಾ ಬೇಕಿಲ್ಲ. ಮಣ್ಣಿಗೆ ಬೆರಳು ಹಾಕಿ ನೋಡಿ, ಎರಡನೇ ಗೆಣ್ಣಿನ ತನಕ ಒಣಗಿದ್ದರೆ ಮಾತ್ರ, ಅದೂ ಬುಡಕ್ಕೆ. ಪೈಪ್ ಹಿಡಿದು ಎಲೆ ತೋಯಿಸುವ ಚಟ ಬಿಡಬೇಕು, ಮುಖ್ಯವಾಗಿ ಜಿನಿಯಾಕ್ಕೆ. ಅದಕ್ಕೆ ರೋಗ ಬೇಗ ಹತ್ತುತ್ತದೆ. ಎಲೆ ಮೇಲೆ ವಿಭೂತಿ ಬಳಿದ ಹಾಗೆ ಬಿಳಿ ಪುಡಿ ಕಂಡರೆ ಅದು ಬೂದಿ ರೋಗ, ಒತ್ತಾಗಿ ನೆಟ್ಟು ಗಾಳಿ ಆಡದಿದ್ದರೆ ಗ್ಯಾರಂಟಿ. ಆ ಎಲೆ ಕಿತ್ತು ದೂರ ಹಾಕಿ. ಜಿನಿಯಾ ಬೀಜವನ್ನು ನೇರ ಮಡಿಗೇ ಹಾಕಿದರೆ ಒಳ್ಳೆಯದು, ಕಿತ್ತು ನೆಡುವುದು ಅದಕ್ಕೆ ಒಗ್ಗುವುದಿಲ್ಲ.

ಚಳಿಗಾಲಕ್ಕೆ ಆಸ್ಟರ್ ಹಾಕುತ್ತೇನೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳು ಚೆನ್ನಾಗಿವೆ, ಕಾಮಿನಿ ಕಡು ಗುಲಾಬಿ, ಪೂರ್ಣಿಮಾ ಬಿಳಿ. ಆಸ್ಟರ್ ಬೀಜ ಬೇಗ ಸತ್ವ ಕಳೆದುಕೊಳ್ಳುತ್ತದೆ, ವರ್ಷ ವರ್ಷ ಹೊಸದೇ ಬೇಕು. ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲಿಗೆ ಪೆಟೂನಿಯಾ ತಂದು ಸುಮ್ನೆ ದುಡ್ಡು ಹಾಳು ಮಾಡಬೇಡಿ, ಟೇಬಲ್ ರೋಸ್ ಇದೆ, ರುದ್ರಾಕ್ಷಿ ಹೂ ಇದೆ. ಆಗ ಎಲೆ ಅಡಿಯಲ್ಲಿ ಸಣ್ಣ ಜಾಲ ಕಂಡರೆ ಅದು ನುಸಿ. ಬೆಳಿಗ್ಗೆ ಎಲೆಯ ಅಡಿಗೆ ಮಾತ್ರ ಜೋರಾಗಿ ನೀರು ಹೊಡೆದರೆ ತಗ್ಗುತ್ತದೆ. ಎಲೆ ತೋಯಿಸಬಾರದು ಅಂದಿದ್ದಕ್ಕೆ ಇದೊಂದೇ ವಿನಾಯಿತಿ.

ಯಾರಾದರೂ ಬೀಜ ಕೇಳಿದರೆ ರುದ್ರಾಕ್ಷಿ ಹೂವಿನದ್ದು ಧಾರಾಳವಾಗಿ ಕೊಡುತ್ತೇನೆ. ಗಿಡದಲ್ಲೇ ಒಣಗಿದ ಹೂ ಕಿತ್ತು ಕಾಗದದ ಪೊಟ್ಟಣದಲ್ಲಿ ಕಟ್ಟಿಟ್ಟರೆ ಆಯಿತು, ಪ್ಲಾಸ್ಟಿಕ್ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ. ಹೈಬ್ರಿಡ್ ಚೆಂಡು ಹೂವಿನದ್ದು ಮಾತ್ರ ಕೊಡುವುದಿಲ್ಲ. ಅದರ ಬೀಜದಿಂದ ಅದೇ ಹೂ ಬರುವುದಿಲ್ಲ, ಬೈಸಿಕೊಳ್ಳುವುದು ನಾನು.